ಜಗಲಿಯಲ್ಲಿ ಕೊಲೆ, ತಡಪೆಯಲ್ಲಿ ಬೀಡಿ

ಪುಸ್ತಕ ಓದುತ್ತಿರುವಾಗ ನಡುನಡುವೆ ತಲೆ ಎತ್ತಿ ಸುತ್ತಲೂ ನೋಡುವ ಅಭ್ಯಾಸ ನನಗುಂಟು. ಕತೆ ಸಪ್ಪೆಯಾದಾಗ ಅಲ್ಲ, ಆಗ ಯಾರಾದರೂ ನೋಡುತ್ತಾರೆ. ಬೀಗ ಹಾಕಿದ ಕೋಣೆಯೊಳಗೆ ಯಾರೋ ಕೆಮ್ಮಿದರು ಎಂಬಲ್ಲಿಗೆ, ಅಥವಾ ಸತ್ತವನ ಕೈಗಡಿಯಾರ ಬೇರೊಬ್ಬನ ಕೈಯಲ್ಲಿ ಕಾಣಿಸಿತು ಎಂಬಲ್ಲಿಗೆ ಬಂದಾಗ, ಸರಿಯಾಗಿ ಆಗಲೇ ನನ್ನ ತಲೆ ಮೇಲೇಳುತ್ತದೆ. ಮೂಡುಬಿದಿರೆಯ ನಮ್ಮ ಮನೆಯ ವರಾಂಡದಲ್ಲಿ ನೋಡುವಂಥದ್ದು ಏನೂ ಇಲ್ಲ. ಒಂದು ಪ್ಲಾಸ್ಟಿಕ್ ಕುರ್ಚಿ, ಅದರಲ್ಲಿ ಕೂತು ಪೇಪರ್ ಓದುವ ನನ್ನ ಗಂಡ, ಅಷ್ಟೆ.

"ಎಂತ ನೋಡುವುದು ನೀನು?" ಎಂದು ಇವರು ಕೇಳುತ್ತಾರೆ.

"ಕೈ ನಿಂತಿತಾ ಅಂತ."

"ಯಾರ ಕೈ?"

"ನಿಮ್ಮದಲ್ಲ. ನೀವು ಓದಿ."

ಬಟ್ಟೆ ಅಂಗಡಿ ಇಟ್ಟುಕೊಂಡವರಿಗೆ ತಾಳ್ಮೆ ಜಾಸ್ತಿ. ರಾಶಿ ಸೀರೆ ಬಿಡಿಸಿ ತೋರಿಸಿ, ಒಂದೂ ಮಾರದೆ ಮತ್ತೆ ಮಡಚಿ ಇಡುವವರಿಗೆ ನನ್ನ ಉತ್ತರ ಏನು ದೊಡ್ಡದು? ಮತ್ತೆ ಪೇಪರಿನೊಳಗೆ ಹೋಗಿಬಿಡುತ್ತಾರೆ.

ಈ ಕೈ ನಿಲ್ಲುವ ವಿಚಾರವನ್ನು ಆಮೇಲೆ ಹೇಳುತ್ತೇನೆ. ಮೊದಲು ಇತ್ತೀಚೆಗೆ ಓದಿದ್ದನ್ನು ಹೇಳಿ ಮುಗಿಸುತ್ತೇನೆ, ಇಲ್ಲದಿದ್ದರೆ ಮರೆತುಹೋಗುತ್ತದೆ. ಮಕ್ಕಳು ಶಾಲೆಗೆ, ಇವರು ಅಂಗಡಿಗೆ ಹೋದ ಮೇಲೆ ಮನೆಯಲ್ಲಿ ನಾನು ಮತ್ತು ಲೈಬ್ರರಿಯ ಪುಸ್ತಕ ಇಬ್ಬರೇ. ಕಳೆದ ಮಳೆಗಾಲದಿಂದ ಓದಿದ್ದರಲ್ಲಿ ದಪ್ಪದ್ದು ಒಂದು ಥ್ರಿಲ್ಲರು. ಅದರ ನಾಯಕ ಮೊದಲ ಪುಟದಲ್ಲಿ ಓಡಲು ಶುರು ಮಾಡಿದವನು ಕೊನೆಯ ಪುಟದ ತನಕ ಓಡುತ್ತಾನೆ. ವಿಮಾನ ಹತ್ತುತ್ತಾನೆ, ಹಡಗಿನಿಂದ ಹಾರುತ್ತಾನೆ, ಮರುಭೂಮಿ ದಾಟುತ್ತಾನೆ, ಆದರೆ ಪುಣ್ಯಾತ್ಮ ಎಲ್ಲೂ ಕೂತು ಒಂದು ತುತ್ತು ಅನ್ನ ಉಣ್ಣುವುದಿಲ್ಲ. ಇವನಿಗೆ ಗುಂಡು ತಾಗುವ ಮೊದಲು ಹಸಿವಿನಿಂದಲೇ ಸಾಯುತ್ತಾನಲ್ಲ ಎಂಬ ಚಿಂತೆಯಲ್ಲಿ ನನಗೆ ಬಾಂಬು ಯಾರು ಇಟ್ಟರು ಎಂಬುದೇ ಮುಖ್ಯ ಅನಿಸಲಿಲ್ಲ. ಎರಡನೆಯದು ಪತ್ತೇದಾರಿ. ಅದರಲ್ಲಿ ಕೊಲೆಗಾರ ಯಾರು ಗೊತ್ತಾ? ಸತ್ತವನ ಅವಳಿ ತಮ್ಮ. ಆ ತಮ್ಮ ಎಂಬವನು ಹುಟ್ಟುವುದೇ ಕೊನೆಯ ಅಧ್ಯಾಯದಲ್ಲಿ! ನನಗೆ ಪಿತ್ತ ನೆತ್ತಿಗೇರಿತು. ಅಷ್ಟೊಂದು ಪುಟ ನಾವು ನರ್ಸನ್ನು, ಡ್ರೈವರನ್ನು, ತೋಟದವನನ್ನು ಎಲ್ಲರನ್ನೂ ಸಂಶಯಿಸುವ ಹಾಗೆ ಮಾಡಿ ಕಡೆಗೆ ಎಲ್ಲಿಂದಲೋ ಒಬ್ಬನನ್ನು ಹಿಡಿದು ತರುವುದು ಬರೆಯುವವರು ಮಾಡುವ ಕೆಲಸವಲ್ಲ. ಪಾಪ, ಆ ಡ್ರೈವರನ ಕ್ಷಮೆ ಕೇಳುವವರು ಯಾರು?

ಇವರು ಮಂಗಳೂರಿಗೆ ಮಾಲು ತರಲು ಹೋದವರು ನನಗೆಂದು ಒಂದು ಪುಸ್ತಕ ತಂದಿದ್ದರು, ಬದುಕಿನಲ್ಲಿ ಗೆಲ್ಲುವುದು ಹೇಗೆ ಎಂಬ ಜಾತಿಯದ್ದು. ಪ್ರೀತಿಯಿಂದ ತಂದದ್ದಲ್ಲವಾ, ಯಾರಾದರೂ ಸತ್ತಾರೇನೋ ಎಂಬ ಆಸೆಯಿಂದ ಕಡೆಯ ತನಕ ಓದಿದೆ. ಯಾರೂ ಸಾಯಲಿಲ್ಲ. ಎಲ್ಲರೂ ಬೆಳಿಗ್ಗೆ ಬೇಗ ಎದ್ದು ಉದ್ಧಾರವಾದರು.

ಆದರೆ ಸಣ್ಣದೊಂದು ಪತ್ತೇದಾರಿ ಸಿಕ್ಕಿತು ನೋಡಿ, ಅದರ ರಟ್ಟು ಸಹ ಕಿತ್ತುಹೋಗಿತ್ತು. ಒಬ್ಬ ರಿಟೈರ್ಡ್ ಹೆಡ್ಮಾಸ್ತರು ಸಂಜೆ ವಾಕಿಂಗಿಗೆ ಹೋದವರು ವಾಪಸು ಬರುವುದಿಲ್ಲ. ರಕ್ತ ಇಲ್ಲ, ಪಿಸ್ತೂಲು ಇಲ್ಲ. ಅವರ ಹೆಂಡತಿ ಬಾಗಿಲಲ್ಲಿ ನಿಂತು ಚಪ್ಪಲಿ ಎಣಿಸುತ್ತಾಳೆ, ಒಂದು ಜೊತೆ ಜಾಸ್ತಿ ಉಂಟು. ಅಷ್ಟೇ ನೋಡಿ! ನಾನು ತಲೆ ಎತ್ತಿದೆ. ಒಲೆಯ ಮೇಲಿದ್ದ ಅನ್ನ ಅಡಿಹಿಡಿದು ಮನೆಯೆಲ್ಲಾ ವಾಸನೆ. ಪುಸ್ತಕವೆಂದರೆ ಹಾಗಿರಬೇಕು.

ಈಗ ಕೈಯ ವಿಚಾರ. ಅದಕ್ಕೆ ನೀವು ನನ್ನ ಜೊತೆ ಪುಂಜಾಲಕಟ್ಟೆಗೆ ಬರಬೇಕು, ತೊಂಬತ್ತರ ದಶಕಕ್ಕೆ. ಪೇಟೆಯಿಂದ ಬೆಳ್ತಂಗಡಿ ಕಡೆಗೆ ಸ್ವಲ್ಪ ನಡೆದರೆ ರಸ್ತೆಯ ಬದಿಯಲ್ಲೇ ನನ್ನ ತವರುಮನೆ. ಆಗ ನಮ್ಮ ಕಡೆ ಹೆಂಗಸರಿರುವ ಮನೆಯೆಂದರೆ ಜಗಲಿಯಲ್ಲಿ ಬೀಡಿ ಕಟ್ಟುವ ತಡಪೆ, ಅಂದರೆ ಮೊರ, ಇರಲೇಬೇಕು. ಬೆಳಗ್ಗಿನ ಕೆಲಸ ಮುಗಿದ ಕೂಡಲೇ ಅಕ್ಕಪಕ್ಕದವರೆಲ್ಲ ತಂತಮ್ಮ ತಡಪೆ ಹಿಡಿದುಕೊಂಡು ಯಾರದಾದರೂ ಒಂದು ಜಗಲಿಗೆ ಬಂದು ಸೇರುತ್ತಿದ್ದರು. ನೆನೆಸಿದ ಎಲೆಯನ್ನು ಅಳತೆಗೆ ಕತ್ತರಿಸುವುದು, ಹೊಗೆಸೊಪ್ಪಿನ ಪುಡಿ ತುಂಬುವುದು, ಸುರುಟುವುದು, ನೂಲು ಸುತ್ತುವುದು, ತುದಿ ಮಡಚುವುದು. ಇದಕ್ಕೆಲ್ಲ ಕೈ ಮತ್ತು ಕಣ್ಣು ಬೇಕು. ಕಿವಿ ಮಾತ್ರ ಖಾಲಿ. ನಮ್ಮ ಜಗಲಿಯ ಖಾಲಿ ಕಿವಿಗಳಿಗೆ ಕೆಲಸ ಕೊಡುವುದು ನನ್ನ ಉದ್ಯೋಗವಾಗಿತ್ತು.

ಅದು ನನ್ನ ಜಾಣತನದಿಂದ ಸಿಕ್ಕಿದ ಉದ್ಯೋಗವಲ್ಲ, ದಡ್ಡತನದಿಂದ ಸಿಕ್ಕಿದ್ದು. ಪಿಯುಸಿ ಮುಗಿಸಿ ಮನೆಯಲ್ಲಿ ಕೂತ ಹುಡುಗಿ ಬೀಡಿ ಕಟ್ಟದೆ ಇರುವುದು ಹೇಗೆ? ಕಟ್ಟಿದೆ. ನಾನು ಕಟ್ಟಿದ ಬೀಡಿ ನಡುವೆ ಉಬ್ಬಿ ಎರಡೂ ತುದಿ ಸಣ್ಣಗಾಗಿ ಬಸುರಿ ಇಲಿಯ ಹಾಗೆ ಕಾಣುತ್ತಿತ್ತು. ಪಕ್ಕದ ಮನೆಯ ಗಿರಿಜಕ್ಕ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, "ಮಾರಾಯ್ತಿ ಜುಬೈದಾ, ಇದನ್ನು ಸೇದುವುದಾ, ಸಾಕುವುದಾ?" ಎಂದರು. ಕಡೆಗೆ ಅವರೇ ಒಂದು ಉಪಾಯ ಹೇಳಿದರು. ನಾನು ಓದುವುದು, ಅವರೆಲ್ಲ ಕೇಳುತ್ತಾ ಕಟ್ಟುವುದು, ಸಂಜೆ ಏಳುವಾಗ ಒಬ್ಬೊಬ್ಬರೂ ತಮ್ಮದರಲ್ಲಿ ಒಂದಿಷ್ಟು ನನ್ನ ತಡಪೆಗೆ ಹಾಕುವುದು. ನನ್ನ ಪಾಲಿಗೆ ಇದಕ್ಕಿಂತ ದೊಡ್ಡ ಭಾಗ್ಯ ಬೇರೆ ಇರಲಿಲ್ಲ. ಯಾಕೆಂದರೆ ನಮ್ಮ ಮನೆಯಲ್ಲಿ ಸುಮ್ಮನೆ ಕೂತು ಓದುವ ಹುಡುಗಿಗೆ ಸೋಮಾರಿ ಎಂದು ಹೆಸರು, ಕೂಡಲೇ ಪುಸ್ತಕ ಹೋಗಿ ಕೈಗೆ ಪೊರಕೆ ಬರುತ್ತಿತ್ತು. ಜಗಲಿಯ ಓದು ಇದ್ದರೆ ನನಗೆ ಪುಸ್ತಕ ಉಂಟು, ಇಲ್ಲದಿದ್ದರೆ ಇಲ್ಲ. ಲೆಕ್ಕ ಅಷ್ಟು ಸ್ಪಷ್ಟ.

ಪುಸ್ತಕ ಬರುತ್ತಿದ್ದದ್ದು ಬಂಟ್ವಾಳ ಪೇಟೆಯ ಒಂದು ಬಾಡಿಗೆ ಪುಸ್ತಕದ ಅಂಗಡಿಯಿಂದ, ಬಸ್ಸಿನಲ್ಲಿ. ಮದ್ದು, ಮೀನು, ಮದುವೆ ಕಾಗದ ಎಲ್ಲವನ್ನೂ ನಮ್ಮ ಕಡೆ ಬಸ್ಸಿನ ಕಂಡಕ್ಟರರೇ ತಂದುಕೊಡುತ್ತಿದ್ದರು, ಪುಸ್ತಕವನ್ನು ಬಿಡುತ್ತಾರಾ? ಕೊಲೆ ಇರುವುದು ಬೇಕು ಎಂದು ನಾನು ಹೇಳಿ ಕಳುಹಿಸಿದ್ದೆ. ಒಂದು ದಿನ ಬಸ್ಸು ನಮ್ಮ ಮನೆಯ ಮುಂದೆ ನಿಧಾನಿಸಿತು. ಕಂಡಕ್ಟರ್ ಫುಟ್‌ಬೋರ್ಡಿನಲ್ಲಿ ನೇತಾಡುತ್ತಾ ಬಸ್ಸಿಗೆ ಬಸ್ಸೇ ಕೇಳುವ ಹಾಗೆ ಕೂಗಿದರು: "ತಂಗೀ, ಈ ವಾರ ಕೊಲೆ ಸಿಗಲಿಲ್ಲ! ಕಳ್ಳತನ ಉಂಟು, ಸಾಕಾ?" ಬಸ್ಸಿನ ಕಿಟಕಿಗಳಿಂದೆಲ್ಲ ತಲೆಗಳು ಹೊರಗೆ ಬಂದವು. ನಾನು ನಾಚಿಕೆಯಿಂದ ಸತ್ತೇ ಹೋದೆ. ಆದರೂ ಕಳ್ಳತನವನ್ನು ತೆಗೆದುಕೊಂಡೆ.

ಓದುವುದು ಕನ್ನಡದಲ್ಲಿ, ವಿವರಣೆ ತುಳುವಿನಲ್ಲಿ, ನನ್ನ ತಾಯಿ ಉಮ್ಮನಿಗೆ ಬೇಕಾದಲ್ಲಿ ನಮ್ಮ ಮನೆಮಾತು ಬ್ಯಾರಿಯಲ್ಲಿ. ಇಷ್ಟರ ನಡುವೆ ನನ್ನ ಸೆನ್ಸಾರ್ ಕೆಲಸ ಬೇರೆ. ಜಗಲಿಯಲ್ಲಿ ಹಿರಿಯರು ಐಸಮ್ಮ. ಹಿತ್ತಲಾಚೆಯ ಮನೆಯವರು, ತಲೆಯ ವಸ್ತ್ರ ಒಂದು ಚೂರೂ ಜಾರದ ಹಾಗೆ ಕೂತು ಬೀಡಿ ಕಟ್ಟುವವರು. ಅವರ ಎದುರು ವಿಸ್ಕಿ ಎಂದು ಓದುವುದು ಹೇಗೆ? ನಾನು ಶರಬತ್ತು ಮಾಡುತ್ತಿದ್ದೆ. ನಾಯಕ ನಾಯಕಿಯನ್ನು ಅಪ್ಪಿಕೊಂಡರೆ, ದೂರದಿಂದ ಕ್ಷೇಮಸಮಾಚಾರ ಕೇಳಿದ ಎಂದು ಓದುತ್ತಿದ್ದೆ. ಒಂದು ಕಾದಂಬರಿಯಲ್ಲಿ ಸಾಹುಕಾರನೊಬ್ಬ ರಾತ್ರಿಯಿಡೀ ಶರಬತ್ತು ಕುಡಿದು, ತೂರಾಡುತ್ತಾ ಬಾವಿಗೆ ಬಿದ್ದು ಸತ್ತ. ಐಸಮ್ಮ ಕೈಯಲ್ಲಿದ್ದ ಎಲೆಯನ್ನು ಕೆಳಗಿಟ್ಟು, "ಯಾ ರಬ್ಬೇ, ಅದು ಯಾವ ಅಂಗಡಿಯ ಶರಬತ್ತು?" ಎಂದು ಕೇಳಿದರು. ಆ ಇಡೀ ರಂಜಾನಿನಲ್ಲಿ ಅವರು ಹೊರಗಿನ ಶರಬತ್ತು ಮುಟ್ಟಲಿಲ್ಲ ಎಂದು ಅವರ ಸೊಸೆ ಆಮೇಲೆ ಹೇಳಿದಳು.

ಗಿರಿಜಕ್ಕನ ಅಭಿಪ್ರಾಯಗಳೇ ಬೇರೆ. ಅವರಿಗೆ ಸಿಹಿ ಮಾತಾಡುವವರೆಲ್ಲ ಕೊಲೆಗಾರರು. ಪುಸ್ತಕದಲ್ಲಿ ಯಾರಾದರೂ ನಗುತ್ತಾ ಒಳಗೆ ಬಂದರೆ ಸಾಕು, "ಇವನೇ, ಬರೆದಿಟ್ಟುಕೋ" ಎನ್ನುತ್ತಿದ್ದರು. ಬಂದವನು ಪೋಸ್ಟ್‌ಮ್ಯಾನ್ ಆದರೂ ಸರಿಯೇ. ಉಮ್ಮ ಮಾತ್ರ ಏನೂ ಹೇಳುತ್ತಿರಲಿಲ್ಲ. ಬಾಗಿಲ ಹತ್ತಿರ, ಒಂದು ಕಣ್ಣು ಅಡಿಗೆಮನೆಯ ಮೇಲೆ ಇಟ್ಟು ಕೂರುತ್ತಿದ್ದಳು. ಹೇಗಿತ್ತು ಕತೆ ಎಂದು ಯಾರಾದರೂ ಕೇಳಿದರೆ, "ಸುಳ್ಳಿನ ಕಂತೆ, ಕೇಳುವವರು ಯಾರು" ಎನ್ನುವಳು. ನನ್ನ ತಂದೆ, ಉಪ್ಪ, ಸೌದಿಯ ದಮ್ಮಾಮಿನಲ್ಲಿ ಒಂದು ದೊಡ್ಡ ಮನೆಯಲ್ಲಿ ಅಡಿಗೆ ಮಾಡುತ್ತಿದ್ದರು. ಎರಡು ವರ್ಷಕ್ಕೊಮ್ಮೆ ಊರಿಗೆ ಬರುವುದು. ಮನೆಯ ಜವಾಬ್ದಾರಿಯೆಲ್ಲ ಹೊತ್ತವಳು ಸುಳ್ಳಿಗೆ ಅಳುವುದು ನಗುವುದು ಮಾಡಿದರೆ ಹೇಗೆ ಎಂದು ಅವಳ ಲೆಕ್ಕ ಇರಬೇಕು ಅಂತ ನಾನು ತಿಳಿದಿದ್ದೆ.

ಇನ್ನು ಕೈ ನಿಲ್ಲುವುದು. ಒಳ್ಳೆಯ ಜಾಗಕ್ಕೆ ಬಂದಾಗ ಜಗಲಿಯಲ್ಲಿ ಕತ್ತರಿಯ ಸದ್ದು ಮೊದಲು ನಿಲ್ಲುತ್ತಿತ್ತು. ಆಮೇಲೆ ಎಲೆಯ ಸರಸರ. ನಾನು ತಲೆ ಎತ್ತಿ ನೋಡಿದರೆ ಗಿರಿಜಕ್ಕನ ಬೆರಳಿನಲ್ಲಿ ಅರ್ಧ ಸುರುಟಿದ ಬೀಡಿ, ಬಾಯಲ್ಲಿ ನೂಲು, ಕಣ್ಣು ನನ್ನ ಬಾಯಿಯ ಮೇಲೆ. ಆಹಾ, ಅಂಥ ಸುಖ ನನಗೆ ಆಮೇಲೆ ಯಾವುದರಲ್ಲೂ ಸಿಗಲಿಲ್ಲ. ಪುಸ್ತಕ ಬರೆದವನಿಗೆ ಸಿಗಬೇಕಾದ ಮರ್ಯಾದೆ ಎಲ್ಲ ನನಗೇ.

ಆದರೆ ಅದರಿಂದ ಬೀಡಿಗೆ ಆದದ್ದು ಬೇರೆ ಕತೆ. ಕೈ ಪೂರ್ತಿ ನಿಂತರೆ ತೊಂದರೆ ಇಲ್ಲ. ಮನಸ್ಸು ಬಂಗಲೆಯ ಮಹಡಿಯಲ್ಲಿದ್ದು ಕೈ ಮಾತ್ರ ಅದರಷ್ಟಕ್ಕೆ ಕೆಲಸ ಮಾಡಿದರೆ ಬೀಡಿ ಸಡಿಲವಾಗುತ್ತದೆ, ಪುಡಿ ಉದುರುತ್ತದೆ. ಸಂಜೆ ನಮ್ಮೆಲ್ಲರ ಬೀಡಿಯನ್ನು ಪೇಟೆಯಲ್ಲಿದ್ದ ಬೀಡಿ ಕಂಪೆನಿಯ ಬ್ರಾಂಚಿಗೆ ಹೊತ್ತುಕೊಂಡು ಹೋಗುವವರು ಗಿರಿಜಕ್ಕ. ಅಲ್ಲಿ ಮೋನಪ್ಪಣ್ಣ ಎಂಬ ಚೆಕ್ಕರು, ಬೀಡಿಯನ್ನು ಬೆರಳಲ್ಲಿ ಒತ್ತಿ ನೋಡಿ ಸರಿ ಇಲ್ಲದ್ದನ್ನು ರಿಜೆಕ್ಟ್ ಮಾಡುವುದು ಅವರ ಕೆಲಸ. ಸಂಸಾರದ ಕಾದಂಬರಿ ಓದಿದ ವಾರ ನಮ್ಮ ಜಗಲಿಯ ಬೀಡಿಗೆ ಅವರು ತಲೆದೂಗುತ್ತಿದ್ದರು. ಅತ್ತೆ ಸೊಸೆ ಜಗಳವಾಡುವಾಗ ಹೆಂಗಸರ ಕೈ ಎಷ್ಟು ಗಟ್ಟಿಯಾಗುತ್ತದೆ ಎಂದರೆ ಆ ಬೀಡಿಯನ್ನು ಎಳೆಯಲು ಗಂಡಸರಿಗೆ ದಮ್ಮು ಸಾಲುತ್ತಿರಲಿಲ್ಲವೇನೋ. ಕೊಲೆಯ ವಾರ ಮಾತ್ರ ರಿಜೆಕ್ಟಿನ ರಾಶಿ. ಒಂದು ಪುಸ್ತಕ ಹೇಗಿದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ವಿಮರ್ಶೆ ನಾನು ಇಂದಿನವರೆಗೂ ಕಂಡಿಲ್ಲ.

ಹೀಗಿರುವಾಗ ಆ ಹಾಲಿನ ಪುಸ್ತಕ ಬಂತು. ಅದರ ಹೆಸರು ಬೇಡ, ಕತೆ ಹೇಳುತ್ತೇನೆ. ಘಟ್ಟದ ಮೇಲಿನ ಒಂದು ಬಂಗಲೆಯಲ್ಲಿ ಶ್ರೀಮಂತ ವಿಧವೆಯೊಬ್ಬಳು ಮಲಗುವ ಮುಂಚೆ ಹಾಲು ಕುಡಿದು ಬೆಳಿಗ್ಗೆ ಏಳುವುದಿಲ್ಲ. ಮನೆಯಲ್ಲಿ ಅವಳ ಅಣ್ಣನ ಮಗ, ಒಬ್ಬ ನರ್ಸು, ಬಂದು ಹೋಗುವ ಡಾಕ್ಟರು, ಮತ್ತೆ ಪರವೂರಿನಿಂದ ಬಂದು ತುಂಬಾ ಕಾಲದಿಂದ ಅಲ್ಲೇ ಇರುವ ಒಬ್ಬ ಅಡಿಗೆಯವನು. ಬರೆದವನು ಕಿಲಾಡಿ. ಪ್ರತಿ ಅಧ್ಯಾಯದ ಕೊನೆಯಲ್ಲಿ ಒಂದು ಬಾಗಿಲು ಕಿರ್ ಎನ್ನುತ್ತದೆ.

ಮೊದಲ ದಿನವೇ ರಿಜೆಕ್ಟು. ಗಿರಿಜಕ್ಕ ಉಪಾಯ ಮಾಡಿದರು: "ಬಾಗಿಲು ಕಿರ್ ಅನ್ನುವಲ್ಲಿ ನಾವು ಕಟ್ಟುವುದು ಬೇಡ, ಎಲೆ ಕತ್ತರಿಸುವ." ಕತ್ತರಿಸಿದರು. ಡಾಕ್ಟರು ಹೆಣದ ಕಣ್ಣು ತೆರೆದು ನೋಡುವ ಹೊತ್ತಿಗೆ ಸರಿಯಾಗಿ ಗಿರಿಜಕ್ಕ ತಮ್ಮ ಬೆರಳನ್ನೇ ಕತ್ತರಿಸಿಕೊಂಡರು. ಹಾಗಾದರೆ ಕಟ್ಟಿದ್ದನ್ನು ಎಣಿಸಿ ಕಟ್ಟು ಮಾಡುವ ಎಂದರು ಐಸಮ್ಮ. ಅದೂ ಆಯಿತು. ಒಂದು ಕಟ್ಟಿನಲ್ಲಿ ಬೀಡಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ. ಮೋನಪ್ಪಣ್ಣ ಬ್ರಾಂಚಿನಲ್ಲಿ ಕಟ್ಟನ್ನು ಬಿಚ್ಚಿ ಎಲ್ಲರ ಎದುರೇ ಸುರಿದರಂತೆ.

"ಎಂತ ಗಿರಿಜಾ ಇದು? ಎಲೆಯೂ ಸರಿ ಉಂಟು, ಪುಡಿಯೂ ಸರಿ ಉಂಟು. ಮೂರು ಮನೆಯವರ ಕೈ ಒಟ್ಟಿಗೇ ಹಾಳಾಗುವುದು ಹೇಗೆ? ನಿಮ್ಮ ಜಗಲಿಯಲ್ಲಿ ಎಂತ ನಡೀತದೆ?"

ಗಿರಿಜಕ್ಕ ಏನು ಹೇಳಿಯಾರು? "ಅಲ್ಲಿ ಒಂದು ಕೊಲೆ ಆಗಿದೆ ಮೋನಪ್ಪಣ್ಣ" ಎಂದರಂತೆ. ಸತ್ಯ ಹೇಳಿದ್ದಕ್ಕೆ ಬೈಗುಳ ಇನ್ನೂ ಜಾಸ್ತಿಯಾಯಿತು. ಮುಂದಿನ ವಾರವೂ ಹೀಗೇ ಆದರೆ ಮೂರು ಮನೆಗೂ ಎಲೆ ಕೊಡುವುದಿಲ್ಲ ಎಂದು ಹೇಳಿ ಕಳುಹಿಸಿದರು.

ಎಲೆ ಇಲ್ಲ ಎಂದರೆ ಬೀಡಿ ಇಲ್ಲ, ಬೀಡಿ ಇಲ್ಲ ಎಂದರೆ ಗಿರಿಜಕ್ಕನ ಮನೆಯ ಒಲೆ ಉರಿಯುವುದು ಕಷ್ಟ. ಅದು ನನಗೂ ಗೊತ್ತಿತ್ತು. ಉಮ್ಮ ಎದ್ದು ಬಂದು ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡಳು. ನಾವು ಆಗಷ್ಟೇ ಪೊಲೀಸರು ಅಡಿಗೆಯವನನ್ನು ಜೀಪಿಗೆ ಹತ್ತಿಸುವಲ್ಲಿಗೆ ಬಂದಿದ್ದೆವು.

"ಓದಿದ್ದು ಸಾಕು. ನಾಳೆಯಿಂದ ನೀನೂ ತಡಪೆ ಹಿಡಿ" ಎಂದಳು. ಪುಸ್ತಕ ಕಪಾಟಿನೊಳಗೆ ಹೋಯಿತು, ಕಪಾಟಿನ ಕೀ ಅವಳ ಸೊಂಟಕ್ಕೆ.

ಐಸಮ್ಮ ಬೇಡ ಎನ್ನುತ್ತಾರೋ ಎಂದು ನೋಡಿದೆ. ಅವರು ಎಲೆ ನೋಡುತ್ತಿದ್ದರು. ಗಿರಿಜಕ್ಕ ಬಟ್ಟೆ ಸುತ್ತಿದ ಬೆರಳನ್ನು ನೋಡುತ್ತಿದ್ದರು. ನನಗೆ ಅಳು ಬಂತು, ಅಡಿಗೆಯವನಿಗಾಗಿ ಅಲ್ಲ, ನನಗಾಗಿಯೇ.

ಆಮೇಲಿನ ದಿನಗಳ ಬಗ್ಗೆ ಹೇಳುವಂಥದ್ದು ಹೆಚ್ಚೇನೂ ಇಲ್ಲ. ನಾನು ಕಟ್ಟಿದೆ. ಬಸುರಿ ಇಲಿಗಳು ಒಂದರ ಹಿಂದೆ ಒಂದರಂತೆ ಹುಟ್ಟಿದವು, ಬ್ರಾಂಚಿಗೆ ಹೋಗಿ ಹಾಗೆಯೇ ತಿರುಗಿ ಬಂದವು. ಉಳಿದವರ ಬೀಡಿಯನ್ನು ಮೋನಪ್ಪಣ್ಣ ಹೊಗಳಿದರಂತೆ. ಗಿರಿಜಕ್ಕ ಅದನ್ನು ಬಂದು ಹೇಳಿದಾಗ ಯಾರೂ ನಗಲಿಲ್ಲ. ಜಗಲಿಯಲ್ಲಿ ಮಾತು ಅಕ್ಕಿಯ ರೇಟಿಗೆ, ಯಾರದೋ ಮದುವೆಗೆ, ಯಾರದೋ ಮೊಣಕಾಲು ನೋವಿಗೆ ಹೋಗಿ, ಅಲ್ಲಿಂದ ಎಲ್ಲಿಗೂ ಹೋಗದೆ ಕೂತುಬಿಡುತ್ತಿತ್ತು. "ನರ್ಸೇ ಇರಬೇಕು, ಅವಳದ್ದು ನಗು ಜಾಸ್ತಿ" ಎಂದು ಗಿರಿಜಕ್ಕ ಒಂದು ಸಲ ತಮ್ಮಷ್ಟಕ್ಕೆ ಹೇಳಿದರು. ಉಮ್ಮ ಕೆಮ್ಮಿದಳು. ಅವರು ಮತ್ತೆ ಎಲೆ ಎತ್ತಿಕೊಂಡರು.

ಅಷ್ಟರಲ್ಲಿ ಅಂಗಡಿಯವರು ಪುಸ್ತಕ ವಾಪಸು ಕೇಳುತ್ತಿದ್ದಾರೆ ಎಂದು ಕಂಡಕ್ಟರ್ ಹೇಳಿದರು. ನಾಳೆ ಮಧ್ಯಾಹ್ನದ ಬಸ್ಸಿಗೆ ಕೊಡಬೇಕು. ಮುಗಿಯದ ಪುಸ್ತಕ ಹಾಗೆಯೇ ಹೋಗುತ್ತದೆ, ಇನ್ನು ಮುಂದೆ ಬೇರೆ ಬರುವುದೂ ಇಲ್ಲ. ಮರುದಿನ ಬೆಳಿಗ್ಗೆ ನಾನು ಅಡಿಗೆಮನೆಗೆ ಹೋಗಿ ಉಮ್ಮನಲ್ಲಿ ಕೀ ಕೇಳಿದೆ. ಅವಳು ಬಂಗುಡೆ ಕೊಯ್ಯುತ್ತಿದ್ದಳು. ಕೈ ಮೀನಾಗಿತ್ತು, ಸೊಂಟದಿಂದ ತೆಗೆದುಕೋ ಎಂದು ಪಕ್ಕಕ್ಕೆ ಬಾಗಿದಳು. ನಾನು ಕೀ ತೆಗೆದುಕೊಂಡು ತಿರುಗುವಷ್ಟರಲ್ಲಿ ಕೇಳಿದಳು:

"ಆ ಅಡಿಗೆಯವನನ್ನು ಬಿಟ್ಟರಾ?"

ನನಗೆ ಮೊದಲು ಯಾವ ಅಡಿಗೆಯವನು ಎಂದೇ ಹೊಳೆಯಲಿಲ್ಲ. ಹೊಳೆದಾಗ ಬಾಯಿ ತೆರೆದು ನಿಂತೆ. ಸುಳ್ಳಿನ ಕಂತೆಯನ್ನು ಬಾಗಿಲ ಹತ್ತಿರ ಕೂತು ಇವಳು ಒಂದಕ್ಷರ ಬಿಡದೆ ಕೇಳಿದ್ದಳು!

"ಗೊತ್ತಿಲ್ಲ ಉಮ್ಮ. ಪುಸ್ತಕ ಕಪಾಟಿನಲ್ಲಿ ಉಂಟಲ್ಲ."

"ಹಾಲಿನಲ್ಲಿ ಎಂತ ಬಿದ್ದರೂ ಮೊದಲು ಹಿಡಿಯುವುದು ಅಡಿಗೆಯವನನ್ನೇ" ಎಂದಳು ಉಮ್ಮ, ಮೀನಿನ ತಲೆ ಬೇರೆ ಮಾಡುತ್ತಾ. "ಅವನಿಗೆ ಆ ಊರಲ್ಲಿ ಯಾರಿದ್ದಾರೆ? ಅವನ ಪರವಾಗಿ ಒಂದು ಮಾತು ಹೇಳುವವರು ಯಾರು? ಮನೆಯಲ್ಲಿ ಹೆಂಡತಿಗೆ ಸುದ್ದಿಯಾದರೂ ಹೋಗ್ತದಾ? ಒಂದು ವಾರದಿಂದ ಊಟ ಗಂಟಲಲ್ಲಿ ಇಳಿಯುವುದಿಲ್ಲ ನನಗೆ."

ಆಗ ನನಗೆ ಅರ್ಥವಾಯಿತು. ದಮ್ಮಾಮಿನಿಂದ ಆ ತಿಂಗಳು ಉಪ್ಪನ ಫೋನು ಬಂದಿರಲಿಲ್ಲ. ನಾವು ಕೊಲೆಗಾರ ಯಾರು ಎಂದು ಆಟ ಆಡುತ್ತಿದ್ದ ಹೊತ್ತಿಗೆ ಉಮ್ಮ ಆ ಜೀಪಿನ ಹಿಂದೆಯೇ ಹೋಗುತ್ತಿದ್ದಳು. ನಾನು ಅವಳ ಪಕ್ಕದಲ್ಲೇ ಕೂತುಬಿಟ್ಟೆ.

"ಕೂತು ಎಂತ ಮಾಡ್ತೀ? ಗಿರಿಜಳನ್ನು, ಐಸಮ್ಮನನ್ನು ಕರೆ. ಬಸ್ಸು ಬರುವ ಮೊದಲು ಓದಿ ಮುಗಿಸು" ಎಂದಳು. ಆಮೇಲೆ ಹಿಂದಿನಿಂದ ಇನ್ನೂ ಒಂದು ಆಜ್ಞೆ: "ತಡಪೆ ತರುವುದು ಬೇಡ ಅಂತ ಹೇಳು. ಕೇಳುವಾಗ ಕೇಳುವುದು, ಕಟ್ಟುವಾಗ ಕಟ್ಟುವುದು."

ನಮ್ಮ ಜಗಲಿಯಲ್ಲಿ ಹೆಂಗಸರು ಬರಿಗೈಯಲ್ಲಿ ಕೂತದ್ದನ್ನು ನಾನು ಅದೇ ಮೊದಲು ನೋಡಿದ್ದು. ಕೈಯನ್ನು ಎಲ್ಲಿಡಬೇಕೆಂದೇ ಅವರಿಗೆ ತಿಳಿಯಲಿಲ್ಲ. ಗಿರಿಜಕ್ಕ ಸೆರಗಿನ ತುದಿಯನ್ನು ಸುರುಟುತ್ತಿದ್ದರು, ಐಸಮ್ಮ ಜಪದ ತಸ್ಬೀಹ್ ಮಣಿ ಹಿಡಿದುಕೊಂಡಿದ್ದರು. ಉಮ್ಮ ಬಾಗಿಲು ಬಿಟ್ಟು ನನ್ನ ಎದುರೇ ಬಂದು ಕೂತಳು.

ಓದಿದೆ. ಬಾಗಿಲು ಕಿರ್ ಎಂದಿತು. ಅಣ್ಣನ ಮಗ ಬೆವರಿದ, ನರ್ಸು ಅತ್ತಳು. ಪತ್ತೇದಾರ ಎಲ್ಲರನ್ನೂ ಒಂದು ಕೋಣೆಯಲ್ಲಿ ಸೇರಿಸಿ ಮೀಸೆ ತಿರುವಿದ. ಪುಟ ಮಗುಚಿದೆ. ಓದುವವರ ಕಣ್ಣು ಬಾಯಿಗಿಂತ ಒಂದು ಸಾಲು ಮುಂದೆ ಹೋಗುತ್ತದಲ್ಲ, ಅಲ್ಲಿ ಕಂಡೆ. ಕೊಂದವನು ಅಡಿಗೆಯವನೇ.

ತಲೆ ಎತ್ತಿದೆ. ಮೂರು ಜನವೂ ನನ್ನನ್ನೇ ನೋಡುತ್ತಿದ್ದರು. ಅವನ ಹೆಸರು ತೆಗೆದು ಅಣ್ಣನ ಮಗನ ಹೆಸರು ಹಾಕುವುದು ನನಗೆ ಎಷ್ಟು ಹೊತ್ತಿನ ಕೆಲಸ? ಕನ್ನಡ ಓದಲು ಬರುವವಳು ಅಲ್ಲಿ ನಾನೊಬ್ಬಳೇ. ಬಾಯಿ ತೆರೆದೆ.

ಉಮ್ಮ ನನ್ನ ಮುಖ ನೋಡಿಯೇ ಕಂಡುಹಿಡಿದಳು.

"ಬರೆದದ್ದನ್ನೇ ಓದು" ಎಂದಳು.

ಓದಿದೆ. ಅಡಿಗೆಯವನು ಹಳೆಯ ದ್ವೇಷವನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದ, ಹಾಲಿಗೆ ವಿಷ ಹಾಕಿದ, ಈಗ ಎಲ್ಲವನ್ನೂ ಒಪ್ಪಿಕೊಂಡು ತಲೆತಗ್ಗಿಸಿ ನಿಂತ. ಕೋಳ ಹಾಕಿದರು. ಮುಗಿಯಿತು. ಪುಸ್ತಕ ಮುಚ್ಚಿದೆ. ನನಗೆ ಉಮ್ಮನ ಕಡೆ ನೋಡುವ ಧೈರ್ಯ ಬರಲಿಲ್ಲ.

"ಅವನು ಅಲ್ಲ" ಎಂದಳು ಉಮ್ಮ.

"ಒಪ್ಪಿಕೊಂಡನಲ್ಲ ಉಮ್ಮ, ಇಲ್ಲಿ ಬರೆದಿದ್ದಾರೆ."

"ಬರೆಯಲಿ. ಹಾಲು ಆರಿತು ಅಂತ ಅವನು ಎರಡನೇ ಸಲ ಬಿಸಿ ಮಾಡಿ ಕೊಟ್ಟ, ನೀನೇ ಓದಿದ್ದು. ವಿಷ ಹಾಕುವವನಿಗೆ ಅದು ಬಿಸಿ ಇದ್ದರೆಂತ, ತಣ್ಣಗಿದ್ದರೆಂತ? ಅವಳು ತಣ್ಣಗಿನದ್ದು ಕುಡಿಯುವುದು ಬೇಡ ಅಂತ ಎದ್ದು ಹೋಗಿ ಒಲೆ ಹಚ್ಚಿದವನು ಕೊಲ್ಲುವುದಿಲ್ಲ. ಪೊಲೀಸರು ಹೊಡೆದು ಹೇಳಿಸಿದ್ದಾರೆ."

ಐಸಮ್ಮ ಮಣಿ ಎಣಿಸುವುದನ್ನು ನಿಲ್ಲಿಸಿ, "ಹೌದು, ಹೊಡೆದೇ ಹೇಳಿಸಿದ್ದು" ಎಂದರು. ಗಿರಿಜಕ್ಕ ಉಮ್ಮನ ಮೊಣಕಾಲಿನ ಮೇಲೆ ಕೈಯಿಟ್ಟರು. ಅವರಿಗೂ ಯಾವಾಗಲೋ ಎಲ್ಲ ಅರ್ಥವಾಗಿತ್ತು. "ನಾನು ನರ್ಸು ಅಂತ ಹೇಳಿದ್ದೇ. ಇವನು ಬರೆಯುವವನು ಯಾರು, ಸುಟ್ಟು ಹೋಗಲಿ" ಎಂದು ಪುಸ್ತಕದ ಕಡೆ ಕೈ ಬೀಸಿದರು.

ದೂರದಲ್ಲಿ ಬಸ್ಸಿನ ಹಾರನ್ನು ಕೇಳಿಸಿತು. ನಾನು ಪುಸ್ತಕ ಎತ್ತಿಕೊಂಡು ಎದ್ದೆ. ಅಂಗಳ ದಾಟುವಷ್ಟರಲ್ಲಿ ಉಮ್ಮ ಜಗಲಿಯ ತುದಿಗೆ ಬಂದು ಕರೆದಳು.

"ಜುಬೈದಾ! ಇವನು ಬರೆದದ್ದು ಬೇಡ ಅಂತ ಹೇಳು ಅಂಗಡಿಯವರಿಗೆ. ಮನುಷ್ಯರನ್ನು ನೋಡಿ ಗೊತ್ತಿರುವವನು ಬರೆದದ್ದು ಒಂದು ಕೊಡಲಿ. ನಾಳೆಗೇ ಬೇಕು."